ಹಳದಿ ದೀಪದ ಮೇಲಿನ ಚಿಟ್ಟೆ

ಜೂನ್ 9, ಭಾನುವಾರ

ಮರಿಯ ಅಮ್ಮನಿಗೆ,

ಆಸ್ಪತ್ರೆಯಲ್ಲಿ ಎಲ್ಲರೂ ನಿನ್ನನ್ನು ಸಿಸ್ಟರ್ ಎನ್ನುತ್ತಾರೆ. ಗಂಡನಾದ ತಪ್ಪಿಗೆ ನನಗೊಬ್ಬನಿಗೆ ಆ ಸಲುಗೆ ಇಲ್ಲ. ಹೆಸರು ಹಿಡಿದು ಕರೆದರೆ ಈಗ ನಿನಗೆ ಹಿಡಿಸುತ್ತದೋ ಇಲ್ಲವೋ ತಿಳಿಯದೆ ಹೀಗೆ ಬರೆದಿದ್ದೇನೆ.

ನೀನು ಮಗಳನ್ನು ಕರೆದುಕೊಂಡು ಕಾರಿನಲ್ಲಿ ಹೊರಟುಹೋಗಿ ಎಂಟು ತಿಂಗಳಾಯಿತು. ಜಗಳ ಕೆದಕಲು ಬರೆಯುತ್ತಿಲ್ಲ. ನನ್ನ ಫೋನ್ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮೊನ್ನೆ ತಾನೇ ಫೋನ್ ಮಾಡಿ ಮಾತಾಡುವಾಗ ಮರಿ, ಸ್ಟೇರಿಂಗ್ ಹಿಂದೆ ಕಾರು ಜಾರೋ ಚಿತ್ರದ ಹಳದಿ ದೀಪ ಯಾವಾಗ್ಲೂ ಉರೀತಿರತ್ತೆ ಅಪ್ಪಾ, ಅಮ್ಮ ಅದರ ಮೇಲೆ ನನ್ನ ಚಿಟ್ಟೆ ಸ್ಟಿಕ್ಕರ್ ಅಂಟಿಸಿಬಿಟ್ಟಿದಾಳೆ ಎಂದಳು. ನಗಬೇಕಾದ ಮಾತು. ನನಗೆ ನಗು ಬರಲಿಲ್ಲ.

ಹನ್ನೆರಡು ವರ್ಷ ಮೆಕ್ಯಾನಿಕ್ಕಿನ ಜೊತೆ ಬಾಳಿದವಳಿಗೆ ಆ ದೀಪದ ಅರ್ಥವನ್ನು ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. ಈಗಲಾದರೂ ಕೇಳು. ಯಾವ ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ತಿಳಿಸಲು ನಾಲ್ಕಕ್ಕೂ ಒಂದೊಂದು ಸೆನ್ಸರ್ ಇದೆ. ಕೆಸರಿನಲ್ಲಿ ಒಂದು ಚಕ್ರ ನಿಂತಲ್ಲೇ ಗಿರಗಿರ ಸುತ್ತಿದರೆ, ಕಾರು ತಾನೇ ಅದಕ್ಕೆ ಬ್ರೇಕ್ ಹಿಡಿದು ಎಂಜಿನ್ನಿನ ಜೋರು ತಗ್ಗಿಸುತ್ತದೆ. ನೀನು ಎತ್ತ ಹೋಗಬೇಕೆಂದಿದ್ದೀ ಎಂದು ಸ್ಟೇರಿಂಗಿನ ಸೆನ್ಸರ್ ಹೇಳುತ್ತದೆ. ಕಾರು ನಿಜವಾಗಿ ಎತ್ತ ತಿರುಗುತ್ತಿದೆ ಎಂದು ಇನ್ನೊಂದು ಹೇಳುತ್ತದೆ. ಎರಡೂ ತಾಳೆಯಾಗದಿದ್ದರೆ, ನೀನು ಗಾಬರಿಯಾಗುವ ಮೊದಲೇ, ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಬಿದ್ದು ಕಾರು ದಾರಿಗೆ ಬರುತ್ತದೆ. ನಮ್ಮ ಕಾಲಿಗೆ ಇರುವುದು ಒಂದೇ ಪೆಡಲ್. ಚಕ್ರ ಆರಿಸಿ ತುಳಿಯಲು ಆಗುವುದಿಲ್ಲ. ಒಂದು ಸೆನ್ಸರಿನ ಸುದ್ದಿ ನಿಂತರೂ ಇದೆಲ್ಲ ಕೈಕಟ್ಟಿ ಕೂರುತ್ತದೆ, ಆ ದೀಪ ಹತ್ತುತ್ತದೆ. ಬರಿಯ ಬ್ರೇಕ್ ಮಾತ್ರ ಉಳಿಯುತ್ತದೆ.

ಮಳೆ ಶುರುವಾಗಿದೆ. ಆಸ್ಪತ್ರೆಗೆ ಹೋಗುವ ಏರಿನ ತಿರುವು ನನಗೆ ಗೊತ್ತು. ಅಲ್ಲಿ ಜಾರಿ ನಜ್ಜುಗುಜ್ಜಾದ ಕಾರುಗಳನ್ನು ನಾನೇ ಬಿಚ್ಚಿದ್ದೇನೆ. ಹಿಂದಿನ ಎಡ ಚಕ್ರದ ಒಳಬದಿಯ ಸೆನ್ಸರಿನ ವೈರು ಕಳಚಿಕೊಂಡಿರಬೇಕು. ಅದು ಸರಿಯಾಗುವ ತನಕ ಇಬ್ಬರೂ ಬಸ್ಸಿನಲ್ಲೇ ಓಡಾಡಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಗ್ಯಾರೇಜಿನ ಗೇಟಿನ ಬಳಿ ನಮ್ಮ ಕಾರಿನಂಥದೇ ಸದ್ದು ಕೇಳಿದರೆ, ಯಾರದೋ ಗಾಡಿಯಡಿ ಮಲಗಿದ್ದವನು ದಡಬಡಿಸಿ ಏಳಲು ಹೋಗಿ ತಲೆ ಬಡಿಸಿಕೊಳ್ಳುತ್ತೇನೆ. ಈ ವಾರ ಎರಡು ಸಲ ಆಯಿತು. ತುಂಬ ಒಂಟಿಯಾಗಿದ್ದೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಇಂತಿ,
ಮರಿಯ ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ವೈರು ತಾನಾಗಿ ಕಳಚಲಿಲ್ಲ. ನೀನು ಒಳಗೆ ಸೂಟ್‌ಕೇಸ್ ತುಂಬುತ್ತಿದ್ದಾಗ ನಾನೇ ಕಾರಿನಡಿ ನುಸುಳಿ ಕಿತ್ತೆ. ದೀಪ ಹತ್ತಿದರೆ ನಾಲ್ಕು ದಿನದಲ್ಲಿ ರಿಪೇರಿಗೆಂದು ನನ್ನ ಹತ್ತಿರವೇ ಬರುತ್ತೀ ಎಂದುಕೊಂಡಿದ್ದೆ. ನಿಮ್ಮಿಬ್ಬರ ಜೀವದ ಜೊತೆ ಆಟವಾಡಿದೆ. ವೈರಿನ ತುದಿಯ ಪಿನ್ನುಗಳಿಗೆ ಈಗ ತುಕ್ಕು ಹಿಡಿದಿರುತ್ತದೆ, ಉಜ್ಜಿ ಸಿಕ್ಕಿಸಿದರೆ ಸಾಕು, ಅರ್ಧ ಗಂಟೆಯ ಕೆಲಸ. ಅದಕ್ಕಾಗಿ ಇಲ್ಲಿಗೆ ಬರಬೇಡ, ದಾರಿ ದೂರ. ಅಲ್ಲೇ ಯಾರಿಗಾದರೂ ತೋರಿಸು.