ಜಾರುಬಂಡಿಯ ಜಾಡು

ಫ್ರಾನೆಕರ್, ೧೬೯೮ನೇ ಜನವರಿ ೧೯

ಮಗಳು ಯೆಲ್ಚೆಗೆ,

ಹಸಿ ಬಾಣಂತಿ ಆಗಲೇ ಎದ್ದು ಓಡಾಡುತ್ತಿದ್ದೀಯೆಂದು ನಿನ್ನ ಗಂಡ ಹೇಳಿದ. ಹೋಗಿ ಮಲಗು. ಮಲಗಿಕೊಂಡೇ ಇದನ್ನು ಓದು.

ಮೂರು ವರ್ಷದ ಮೇಲೆ ನಿನ್ನೆ ನಿನ್ನಣ್ಣ ಸೂರ್ಡ್, ನಿನ್ನ ಗಂಡ ವೀಬ್ರೆನ್, ಇಬ್ಬರೂ ನನ್ನ ಮೇಜಿಗೆ ಒಟ್ಟಿಗೆ ಕೂತು ಬಟಾಣಿ ಸಾರು ಕುಡಿದರು. ಹೊಸ ಗಣಿತದ ಒಂದೇ ಸೂತ್ರವನ್ನು ಇಬ್ಬರೂ ಒಂದೇ ವರ್ಷ ಅಚ್ಚು ಹಾಕಿಸಿದಂದಿನಿಂದ ನೀನು ಕಳ್ಳ, ನೀನು ಕಳ್ಳ ಎಂದವರು. ಮಗುವಿನ ದೀಕ್ಷಾಸ್ನಾನಕ್ಕೆ ಅಣ್ಣ ಬೇಕೆಂದು ನೀನು ಅತ್ತರೆ, ಅವನು ಬಂದರೆ ನಾನಿರುವುದಿಲ್ಲ ಎಂದವನು ನಿನ್ನ ಗಂಡ.

ನವೆಂಬರಿನಲ್ಲಿ ಇಬ್ಬರಿಗೂ ಹೆಸರಿಲ್ಲದ ಸವಾಲೊಂದು ಬಂದಿತ್ತಲ್ಲ. ಒಬ್ಬಳು ನೆಟ್ಟಗಿನ ದಂಡೆಯ ಮೇಲೆ ನಡೆಯುತ್ತಾ, ಹೆಪ್ಪುಗಟ್ಟಿದ ಕಾಲುವೆಯ ನಡುವಿರುವ ಜಾರುಬಂಡಿಯನ್ನು ಹಗ್ಗದಿಂದ ಎಳೆದರೆ, ಅದು ಬಿಡುವ ಜಾಡಿನ ಆಕಾರವೇನು? ಉತ್ತರಕ್ಕೆ ಅರಗಿನ ಮುದ್ರೆ ಹಾಕಿ ನನ್ನಲ್ಲಿಡಬೇಕು. ಪಂಡಿತರಲ್ಲಿ ಇದು ರೂಢಿ. ಎರಡನ್ನೂ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ.

ನಿನ್ನೆ ಪಾದ್ರಿಗಳ ಮುಂದೆ ಮುದ್ರೆ ಒಡೆದೆವು. ಹೊಸ ಗಣಿತ ಬರೆಯಲು ಎರಡು ರೀತಿಯಂತೆ: ಸೂರ್ಡ್ ಅಕ್ಷರಗಳ ತಲೆಯ ಮೇಲೆ ಚುಕ್ಕೆ ಇಟ್ಟಿದ್ದ, ವೀಬ್ರೆನ್ ಅಕ್ಷರಗಳ ಎಡಕ್ಕೆ ಡಿ ಜೋಡಿಸಿದ್ದ. ಎರಡೂ ಬೇರೆ ಬೇರೆ ಎಂದರು ಪಾದ್ರಿಗಳು. ಇವರಿಬ್ಬರು ಹಾಳೆ ಅದಲುಬದಲು ಮಾಡಿಕೊಂಡು ಓದಿ ಬಿಳಿಚಿಕೊಂಡರು. ಉತ್ತರ ಒಂದೇ.

"ಇದನ್ನೆಲ್ಲಿ ಕದ್ದೆ ಭಾವ?" ಎಂದ ಸೂರ್ಡ್.

"ನಿಮ್ಮಮ್ಮನ ಪೆಟ್ಟಿಗೆ ಒಡೆದು. ಧೈರ್ಯ ಇದ್ರೆ ನೀನೂ ಒಡೆದು ನೋಡು."

ಇಬ್ಬರ ಕಣ್ಣೂ ನನ್ನ ಸೊಂಟದ ಬೀಗದ ಕೈ ಮೇಲೆ ಬಿತ್ತು. ಮೊದಲು ನಕ್ಕವನು ಸೂರ್ಡ್. ಕದಿಯದೆಯೂ ಇಬ್ಬರಿಗೆ ಒಂದೇ ಹೊಳೆಯಬಹುದು ಎಂಬುದು ಅಷ್ಟು ಓದಿದವರಿಗೆ ಮೂರು ವರ್ಷ ಹೊಳೆದಿರಲಿಲ್ಲ. ನಾನು ಸಾರು ಬಡಿಸಿದೆ.

ಉಂಡವರೇ ಕಾಲುವೆಗೆ ಓಡಿದರು. ಸೂರ್ಡ್ ದಂಡೆಯ ಮೇಲೆ ಹಗ್ಗ ಎಳೆದ. ಜಾರುಬಂಡಿಯಲ್ಲಿ ಮಂಡಿ ಮಡಚಿ ಕೂತ ನಿನ್ನ ಗಂಡ, "ನೆಟ್ಟಗೆ ನಡಿಯೋ ಎಮ್ಮೆ, ನನ್ನ ಗೆರೆ ಕೆಡಿಸ್ತೀಯ" ಎಂದು ಕೂಗುತ್ತಿದ್ದ.

"ನಿನ್ನ ಗೆರೆ ಅಲ್ಲ, ನಮ್ಮ ಗೆರೆ" ಎಂದ ಸೂರ್ಡ್.

ಬರುವ ಭಾನುವಾರ ದೀಕ್ಷಾಸ್ನಾನಕ್ಕೆ ಮಗುವನ್ನು ಸೂರ್ಡನೇ ಎತ್ತಿಕೊಳ್ಳುತ್ತಾನೆ. ಟೋಪಿಗೆ ಗಂಜಿ ಹಾಕಿಸಿಡು.

ಎಂದಿನಂತೆ ಗಟ್ಟಿಯಾಗಿರುವ ನಿನ್ನ ಅಮ್ಮ,
ಹಿಸ್ಕೆ

ಮರೆತಿದ್ದೆ: ಸವಾಲು ಕಳಿಸಿದ ಮಹಾಪಂಡಿತ ಪ್ಯಾರಿಸ್ಸಿನವನೆಂದು ಒಬ್ಬ, ಲಂಡನ್ನಿನವನೆಂದು ಇನ್ನೊಬ್ಬ ಈಗ ವಾದಿಸುತ್ತಿದ್ದಾರೆ. ಅದೆಂಥ ಬುದ್ಧಿ ಎಂದು ಇಬ್ಬರೂ ಹೊಗಳಿದರು, ನಾನು ಹೆಣೆಯುತ್ತಾ ಕೇಳಿಸಿಕೊಂಡೆ. ನನ್ನ ಪ್ರಶ್ನೆಯನ್ನು ಲ್ಯಾಟಿನ್ನಿಗೆ ತಿರುಗಿಸಿದ್ದಷ್ಟೇ ಪಾದ್ರಿಗಳು. ನಿನಗಾಗ ಐದು ವರ್ಷ, ನೀನು ಜಾರುಬಂಡಿಯಲ್ಲಿ, ನಾನು ದಂಡೆಯ ಮೇಲೆ. ಹಿಂತಿರುಗಿ ಆ ಗೆರೆ ನೋಡಿದಂದಿನಿಂದ ಯಾರನ್ನಾದರೂ ಕೇಳಬೇಕೆಂದಿದ್ದೆ. ಉತ್ತರ ಬೇರೆಯಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಈ ಹಾಳೆಯನ್ನು ಒಲೆಗೆ ಹಾಕು.