ಬುಟ್ಟಿಯ ಕೆಳಗಿನ ಎರಡು ತುಂಡು

ಹಿತ್ತಲ ಗೋಡೆಯಾಚೆಯಿಂದ ನನಗೆ ಅಣ್ಣನಾಗಿದ್ದ ಖಾದರ ಸಾಹೇಬರೇ,

ನಿಮ್ಮ ಮರಣದ ಸುದ್ದಿ ಹೊತ್ತ ಕಾಗದ ರಾಯಚೂರಿನಿಂದ ಬಂದು ಎಂಟು ತಿಂಗಳಾದವು. ಅಂದೇ ನಿಮ್ಮ ಮನೆಯವರಾದ ಭಾಬಿಯವರಿಗೆ ನಾಲ್ಕು ಸಾಲು ಬರೆದೆ. ಎಂದಿನಂತೆ ಅಚ್ಚುಕಟ್ಟಾದ, ಒಂದು ಚಿತ್ತು ಕಾಟೂ ಇಲ್ಲದ ನಾಲ್ಕು ಸಾಲು. ಆದರೆ ನಾನು ನಿಜವಾಗಿ ಬರೆಯಬೇಕಾಗಿದ್ದುದು ನಿಮಗೆ. ಹದಿಮೂರು ವರ್ಷ ಸಮಯವಿತ್ತಲ್ಲ, ಆಗ ಏಕೆ ಬರೆಯಲಿಲ್ಲ ಎಂದು ನೀವು ಕೇಳಿದರೆ...

ಕುಷ್ಟಗಿಯ ಆ ಶುಕ್ರವಾರದ ಬೆಳಗು ನಿಮಗೆ ನೆನಪಿರಲೇಬೇಕು. ಆಗ ಶಾಲೆಗೆ ಶುಕ್ರವಾರ ರಜೆ; ಈಗ ಅದು ಭಾನುವಾರಕ್ಕೆ ಬಂದಿದೆ. ನೀವು ಉರ್ದು ಕಲಿಸುತ್ತಿದ್ದಿರಿ, ನಾನು ಕನ್ನಡ. ನಮ್ಮಿಬ್ಬರ ಬಾಡಿಗೆ ಮನೆಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆಯೊಂದೇ ಇತ್ತು. ಆ ಗೋಡೆಯ ಮೇಲಿಂದ ಹಸಿಮೆಣಸಿನಕಾಯಿ ದಾಟುತ್ತಿತ್ತು, ಒಲೆ ಹೊತ್ತಿಸಲು ಕೆಂಡ ದಾಟುತ್ತಿತ್ತು. ಬೇಯಿಸಿದ ಪದಾರ್ಥ ಎಂದೂ ದಾಟಿರಲಿಲ್ಲ. ಅಂದು ನೀವು ಒಂದು ಕೈಯಲ್ಲಿ ಅಗ್ಗಿಷ್ಟಿಕೆ, ಇನ್ನೊಂದರಲ್ಲಿ ಮುಚ್ಚಿದ ಪಾತ್ರೆ ಹಿಡಿದು, ಹಿಂಬಾಗಿಲಿನಿಂದ ನೇರವಾಗಿ ನಮ್ಮ ಹಿತ್ತಲಿಗೇ ಬಂದಿರಿ.

ಪಾತ್ರೆಯೊಳಗೆ ಏನಿದೆಯೆಂದು ನನಗೆ ತಿಳಿದಿತ್ತು. ಉಪ್ಪು, ಅರಿಸಿನ ಹಾಕಿ ತಿಕ್ಕಿ ತೊಳೆದ ಕುರಿಯ ಕರುಳಿನಲ್ಲಿ ಮಸಾಲೆ ಕಲಸಿದ ಕೈಮಾ ತುಂಬಿ, ನಾಲ್ಕು ಬೆರಳಿಗೊಂದು ದಾರದ ಗಂಟು ಹಾಕಿದ ತುಂಡುಗಳು. ರಂಗೂನಿನಲ್ಲಿ ದುಡಿದು ಬಂದ ನಿಮ್ಮ ತಮ್ಮ, ಅಲ್ಲಿಯ ಚೀನೀಯರ ಅಂಗಡಿಯಲ್ಲಿ ನೋಡಿ ಕಲಿತ ವಿದ್ಯೆ ಅದು. ಸುಡುವಾಗ ಅವರು ಸವರುತ್ತಿದ್ದ ಕಪ್ಪು ರಸ ನಮ್ಮ ಕಡೆ ಸಿಗುವುದುಂಟೇ? ನೀವು ಹುಣಸೆಹಣ್ಣು, ಬೆಲ್ಲ, ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳನ್ನು ಕುದಿಸಿ ಜೇನಿನ ಹದಕ್ಕೆ ಇಳಿಸಿಕೊಂಡಿದ್ದಿರಿ. ಹಿಂದಿನ ವರ್ಷ ಗೋಡೆಯಾಚೆಯಿಂದ ನೋಡುತ್ತ ನಿಂತಿದ್ದ ನಾನು, ಅದನ್ನು ಎಷ್ಟು ನಿಮಿಷಕ್ಕೆ ಸವರಬೇಕು ಎಂದು ಕೇಳಿದ್ದೆ. "ಗಡಿಯಾರ ಕಿಸೆದಾಗ ಇಡ್ರಿ ಮಾಸ್ತರ. ಕೆಂಡ ಬೂದಿ ಹೊದ್ದುಕೊಳ್ಳೂತನಕ ಸುಮ್ಮ ಕುಂದರಬೇಕು. ಅವಸರ ಮಾಡಿದ್ರ ಮ್ಯಾಲೆ ಬೆಲ್ಲ ಕರ್ರಗಾಗತೈತಿ, ಒಳಗ ಹಸೀನ ಉಳೀತೈತಿ" ಎಂದಿದ್ದಿರಿ.

ನಮ್ಮ ಮನೆಯಲ್ಲಿ ಆಗ ಏನು ನಡೆದಿತ್ತೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ; ಆದರೂ ಬರೆಯುತ್ತೇನೆ, ಏಕೆಂದರೆ ಅದನ್ನು ನಾನು ಎಂದೂ ಬರೆದಿಲ್ಲ. ಮದುವೆಯಾದ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಗಂಡುಕೂಸು ಹತ್ತೊಂಬತ್ತು ದಿನ ಇದ್ದು ಹೋಯಿತು. ಎಳೆಯ ಕೂಸಿಗೆ ಮೂರು ದಿನದ ಸೂತಕ ಸಾಕೆಂದು ಊರ ಹಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಅವನಿಗೆ ಹೆಸರಿಡಲಿಲ್ಲ, ಅಕ್ಷರ ಕಲಿಸಲಿಲ್ಲ. ದೊಡ್ಡವರಿಗೆ ಸಲ್ಲುವ ದುಃಖವಾದರೂ ಪೂರ್ತಿಯಾಗಿ ಸಲ್ಲಲಿ ಎಂದುಕೊಂಡೆ. ಒಂದು ತಿಂಗಳು ಸೂತಕವೆಂದು ನಿಯಮ ಮಾಡಿದೆ: ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ, ಖಾರವಿಲ್ಲ, ಮಾಂಸವಂತೂ ಇಲ್ಲ. ನನ್ನ ಹೆಂಡತಿ ನೀಲವ್ವ ಆ ಸಪ್ಪೆ ಗಂಜಿಯನ್ನು ಎರಡು ತುತ್ತು ಬಾಯಿಗಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಮಾತೂ ನಿಂತಿತ್ತು. ಹೀಗೇ ಬಿಟ್ಟರೆ ತಾಯಿಯೂ ಉಳಿಯಲಾರಳೆಂದು ಹಕೀಮರು ಹೇಳಿಹೋಗಿದ್ದರು. ನಾನು ಆ ಮಾತನ್ನು ಕೇಳಿದ್ದೆನೇ? ಕೇಳಿದ್ದೆ. ನಿಯಮವನ್ನು ಮಾತ್ರ ಸಡಿಲಿಸಿರಲಿಲ್ಲ.

"ತಂಗಿ ಹನ್ನೆರಡು ದಿನದಿಂದ ಸರಿಯಾಗಿ ಉಂಡಿಲ್ಲಂತ. ನಿಮ್ಮ ಭಾಬಿ ಅಳಾಕತ್ಯಾಳ" ಎನ್ನುತ್ತ ನೀವು ಅಗ್ಗಿಷ್ಟಿಕೆಯನ್ನು ನೆಲಕ್ಕಿಟ್ಟಿರಿ. "ಇದರ ವಾಸನಿ ಬಂದ್ರ ಹಸಿವು ತಾನ ಎದ್ದು ಬರತೈತಿ."

"ಮನೆಯಲ್ಲಿ ಸೂತಕವಿದೆ, ಸಾಹೇಬರೇ" ಎಂದೆ.

"ಹಿರ್ಯಾರು ಮೂರ ದಿನ ಅಂದಾರಲ್ರಿ?"

"ನಾನು ತಿಂಗಳು ಎಂದಿದ್ದೇನೆ."

ನೀವು ನನ್ನನ್ನೇ ನೋಡಿದಿರಿ. "ಮಾಸ್ತರ, ಹೋದ ಕೂಸಿನ್ನ ಗಟ್ಟಿ ಹಿಡಕೊಂಡು ಕುಂತೀರಿ. ಇದ್ದಾಕಿನ್ನ ಯಾರು ಹಿಡಕೋಬೇಕು?"

"ಹೊರಗ ನಡೀರಿ!" ಎಂದು ಕೂಗಿದೆ. ಎಂದೂ ಪುಸ್ತಕದ ಮಾತು ಬಿಡದ ನನ್ನ ಬಾಯಿಂದ ನನ್ನ ತಾಯಿಯ ಹಳ್ಳಿ ಹುಲಿಹೈದರದ ಮಾತು ಹೊರಬಿತ್ತು. ನೀವು ಅಗ್ಗಿಷ್ಟಿಕೆ, ಪಾತ್ರೆ ಎತ್ತಿಕೊಂಡು ಹೊರಟುಹೋದಿರಿ.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ಕಂಡ ದೃಶ್ಯವನ್ನು ನೆನೆದರೆ ಇಂದಿಗೂ ನಗು, ಅಳು ಎರಡೂ ಬರುತ್ತವೆ. ನಿಮ್ಮ ಹಿತ್ತಲಿನಲ್ಲಿ ನಿಂತು, ಮುಖ ಒರೆಸುವ ದಸ್ತಿಯನ್ನು ಎತ್ತಿ ಹಿಡಿದು, ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಿದ್ದಿರಿ! ಅಗ್ಗಿಷ್ಟಿಕೆಯನ್ನು ಗೋಡೆಗೆ ಆನಿಸಿ ಇಟ್ಟಿರಿ. ಕೆಂಡ ಬೂದಿ ಹೊದ್ದುಕೊಳ್ಳುವತನಕ ಕಾದಿರಿ. ಆಮೇಲೆ ಕೊತ್ತಂಬರಿ ದಂಟಿನ ಸೂಡನ್ನು ಪಾಕದಲ್ಲಿ ಅದ್ದಿ ಸವರತೊಡಗಿದಿರಿ. ಕೊಬ್ಬು ಕೆಂಡಕ್ಕೆ ಬಿದ್ದು ಚುರ್ರೆಂದ ಸದ್ದು, ಬೆಲ್ಲ ಹುಣಸೆಗಳು ಬಿಸಿಗೆ ಮುರುಟುವ ಆ ವಾಸನೆ ನೇರವಾಗಿ ನಮ್ಮ ಪಡಸಾಲೆಗೆ ಬಂದವು.

ನೀಲವ್ವ ಎದ್ದಳು. ನನ್ನನ್ನು ನೋಡಲಿಲ್ಲ. ಗೋಡೆ ಹಿಡಿದು ಹಿಡಿದು ಹಿತ್ತಲಿಗೆ ನಡೆದಳು. "ಸಾಹೇಬಣ್ಣ, ಹೊತ್ತಿ ಹೋದಾವು, ನೋಡ್ರಿ" ಎಂದಳು. ಹನ್ನೆರಡು ದಿನಗಳ ನಂತರ ಅವಳು ಆಡಿದ ಮೊದಲ ಮಾತು ಅದು. "ಇಲ್ಲವ್ವಾ, ಈಗ ಬಣ್ಣ ಹಿಡಿಯಾಕತ್ಯಾವ. ಒಂದೀಟ ತಡಿ" ಎಂದಿರಿ ನೀವು, ದಿನವೂ ಮಾತಾಡುವವರ ಹಾಗೆ. ಅವಳು ಸೆರಗನ್ನು ಗೋಡೆಯ ಮೇಲೆ ಚಾಚಿದಳು. ಊದಿ ಆರಿಸಿಕೊಂಡು, ಅಳುತ್ತ, ನಿಂತಲ್ಲೇ ತಿಂದಳು.

ನಾನು ಹೊರಗೆ ಬಂದು ಒಂದು ಮಾತು ಹೇಳಬಹುದಿತ್ತಲ್ಲವೇ? ತಡೆಯಲು ಮನಸ್ಸಾಗಲಿಲ್ಲ, ಸೇರಿಕೊಳ್ಳಲು ಮುಖವಿರಲಿಲ್ಲ. ಟೋಪಿ ಇಟ್ಟುಕೊಂಡು, ರಜೆಯ ದಿನ, ಬರಿದಾದ ಶಾಲೆಗೆ ಹೋಗಿ ಕುಳಿತೆ. ಹೊತ್ತು ಮುಳುಗುವಾಗ ಮರಳಿ ಬಂದರೆ ನೀಲವ್ವ ಗಾಢವಾಗಿ ನಿದ್ರಿಸುತ್ತಿದ್ದಳು. ಹಿತ್ತಲ ಕಟ್ಟೆಯ ಮೇಲೆ ಒಂದು ಬುಟ್ಟಿ ಕವುಚಿಟ್ಟಿತ್ತು. ಎತ್ತಿದರೆ, ಮುತ್ತುಗದ ಎಲೆಯ ಮೇಲೆ ಎರಡು ತುಂಡು. ಅವಳು ನಾಳೆಗೆಂದು ಅಡಗಿಸಿಟ್ಟಿದ್ದಾಳೆಂದು ಭಾವಿಸಿದೆ. ಮುಚ್ಚಿಬಿಡಬೇಕಿತ್ತು... ನಿಂತುಕೊಂಡೇ ಎರಡನ್ನೂ ತಿಂದೆ, ಸಾಹೇಬರೇ. ನಾನೇ ಮಾಡಿದ ನಿಯಮ, ನನ್ನ ಮಗನ ಸೂತಕ. ತಣ್ಣಗಾಗಿದ್ದವು, ಪಾಕ ಬೆರಳಿಗೆ ಅಂಟಿಕೊಂಡಿತ್ತು. ಬೂದಿ ಹಚ್ಚಿ ಎರಡು ಸಲ ಕೈ ತೊಳೆದೆ. ಅವನು ಹೋದ ಮೇಲೆ ನಾನು ಅತ್ತದ್ದು ಅಲ್ಲಿಯೇ, ಆ ಕಟ್ಟೆಯ ಬಳಿ, ಮೊದಲ ಬಾರಿಗೆ.

ಮರುದಿನ ಸಾರಿಗೆ ಒಗ್ಗರಣೆ ಹಾಕು ಎಂದೆ, ಕಾರಣ ಹೇಳಲಿಲ್ಲ. ಆ ತಿಂಗಳ ಕೊನೆಗೆ ನಿಮಗೆ ರಾಯಚೂರಿಗೆ ವರ್ಗವಾಯಿತು. ಕೊಪ್ಪಳದ ಸ್ಟೇಷನ್ನಿಗೆ ಹೊರಟ ಬಂಡಿಯ ಬಳಿ ಕ್ಷಮೆ ಕೇಳಬೇಕೆಂದು ಬಂದವನು, "ಕ್ಷೇಮವಾಗಿ ತಲುಪಿದ್ದಕ್ಕೆ ಪತ್ರ ಬರೆಯಿರಿ" ಎಂದು ಹೇಳಿ ನಿಂತೆ. ನೀವು ಬಂಡಿಯಿಂದ ಬಾಗಿ, "ಹೊತ್ತಿಗೆ ಸರಿಯಾಗಿ ಉಣ್ರಿ ಮಾಸ್ತರ. ಕದ್ದು ತಿಂದದ್ದು ಮೈಗೆ ಹತ್ತೂದಿಲ್ಲ" ಎಂದು ನಕ್ಕಿರಿ. ನಿಮ್ಮ ಎಂದಿನ ಚೇಷ್ಟೆ ಎಂದುಕೊಂಡೆ.

ಈಗ ನಾನು ನಿವೃತ್ತ, ಕುಕನೂರಿನಲ್ಲಿದ್ದೇವೆ. ನೀವು ರಾಯಚೂರಿಗೆ ಹೋದ ಎರಡು ವರ್ಷಕ್ಕೆ ಹುಟ್ಟಿದ ಮಗಳಿಗೆ ಹನ್ನೊಂದು ತುಂಬಿತು. ಹೋದ ವಾರ ಅವಳು, ತಾಯಿಯಿಂದ ಕಲಿತಂತೆ ಅದೇ ತುಂಡುಗಳನ್ನು ಸುಡಲು, ಹಿತ್ತಲಿನಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದಾಗ ನಾನು ಗಡಿಯಾರ ತೆಗೆದೆ. "ಅಪ್ಪಾ, ಅದನ್ನ ಒಳಗ ಇಡು. ಬೂದಿ ನೋಡು, ಬೂದಿ" ಎಂದು ಗದರಿದಳು. ಯಾರ ಮಾತು ಯಾರ ಬಾಯಲ್ಲಿ! ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಆ ಎರಡು ತುಂಡಿನ ಕಳವನ್ನು ನೀಲವ್ವನೆದುರು ಒಪ್ಪಿಕೊಂಡೆ.

ಅವಳು ನಕ್ಕ ನಗುವನ್ನು ನೀವು ಕೇಳಬೇಕಿತ್ತು. "ಕಳವ ಎಲ್ಲೀದರಿ? 'ಮಾಸ್ತರ ಸೈತ ಉಂಡಿಲ್ಲವ್ವಾ, ಎರಡು ತುಂಡು ಬುಟ್ಟಿ ಕೆಳಗ ಇಡು, ಕೊಟ್ರ ಒಲ್ಲೆ ಅಂತಾರ, ಅದಕ್ಕ ಮುಚ್ಚಿಡು' ಅಂತ ಸಾಹೇಬಣ್ಣನ ಹೇಳಿದ್ರು. ನೀವು ತಿನ್ನೂದು ಗ್ವಾಡಿ ಮ್ಯಾಲಿಂದ ನೋಡ್ಯಾರ. ಮರುದಿನ ನನ್ನ ಮುಂದ ಅತ್ತರು."

ಹಾಗಾದರೆ ನಿಮಗೆ ಗೊತ್ತಿತ್ತು. ಹೊರಗೆ ನಡೆಯಿರಿ ಎಂದವನಿಗಾಗಿ ಎರಡು ತುಂಡು ತೆಗೆದಿರಿಸಿ, ಅವನು ತಿಂದನೋ ಇಲ್ಲವೋ ಎಂದು ಕಾದು ನಿಂತಿದ್ದಿರಿ. ನನ್ನನ್ನು ಕ್ಷಮಿಸಿ, ಸಾಹೇಬರೇ. ಈ ಒಂದು ವಾಕ್ಯವನ್ನು ಕಟ್ಟಲು ನನಗೆ ಹದಿಮೂರು ವರ್ಷ ಹಿಡಿಯಿತು.

ನಿನ್ನೆ ನಿಮ್ಮ ಮಗನ ಕಾಗದ ಬಂತು. ನೀವು ಹೋದಾಗಿನಿಂದ ಭಾಬಿಯವರು ತಟ್ಟೆಯ ಮುಂದೆ ಕುಳಿತು ಹಾಗೆಯೇ ಎದ್ದುಬಿಡುತ್ತಾರಂತೆ. ಬರುವ ಭಾನುವಾರ ನಾವು ಮೂವರೂ ರಾಯಚೂರಿನಲ್ಲಿರುತ್ತೇವೆ. ಮಾಂಸವನ್ನು ನಿಮ್ಮ ಮಗ ತರಲಿ. ಹುಣಸೆ, ಬೆಲ್ಲ ನಮ್ಮಲ್ಲಿಂದ ಬರುತ್ತವೆ. ನಿಮ್ಮ ಅಂಗಳದಲ್ಲಿ ಗಾಳಿ ನೋಡಿ ಅಗ್ಗಿಷ್ಟಿಕೆ ಇಡುವ ಕೆಲಸ ನನ್ನದು. ಗಡಿಯಾರವನ್ನು ಕುಕನೂರಿನಲ್ಲಿಯೇ ಬಿಟ್ಟು ಬರುತ್ತೇನೆ. ನೀಲವ್ವ ಗಂಟಿನಲ್ಲಿ ಒಂದು ಸಣ್ಣ ಬುಟ್ಟಿಯನ್ನೂ ಕಟ್ಟುತ್ತಿದ್ದಾಳೆ, ಎರಡು ತುಂಡು ಮುಚ್ಚಿಡಲು. ಯಾರಿಗೆಂದು ನಾನು ಕೇಳಲಿಲ್ಲ.

ನಿಮ್ಮ,
ಗೋಡೆಯೀಚೆಯ ಮಾಸ್ತರ