ನಾಲಿಗೆಯ ತುದಿಯ ಎಣಿಕೆ

ನನಗೆ ಲೆಕ್ಕ ಕಲಿಸಿದ ಅಕ್ಕೋರಿಗೆ,

ಕೆರೂರಿನ ಶಾಲೆಯಲ್ಲಿ ನೀವು ಬಾಯಿಲೆಕ್ಕ ಕೇಳುವಾಗ ನಾವೆಲ್ಲ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದೆವು. “ಬೆರಳ ಎಣಸಬ್ಯಾಡ್ರಿ, ದೇವರು ತಲಿ ಯಾಕ ಕೊಟ್ಟಾನ?” ಅನ್ನುತ್ತಿದ್ದಿರಿ. ನಾನೂ ಅಕ್ಕೋರಾದೆ. ಕುಳಗೇರಿ ಕ್ರಾಸಿನ ಹತ್ತಿರದ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮಕ್ಕಳ ಕೈ ಕಟ್ಟಿಸಿದೆ. ಮಾತೂ ನಿಮ್ಮದೇ, ದನಿಯೂ ನಿಮ್ಮದೇ.

ಹೋದ ಸೋಮವಾರ ಎರಡನೇ ತರಗತಿಯ ರೇಣುಕಾಳನ್ನು ನಿಲ್ಲಿಸಿ, ಎಂಟಕ್ಕೆ ಏಳು ಕೂಡಿಸು ಅಂದೆ. ಅವಳಷ್ಟು ಚುರುಕು ಯಾರೂ ಇಲ್ಲ. ಅವತ್ತು ಹದಿನಾಲ್ಕು ಅಂದಳು. ಇನ್ನೊಂದು ಕೇಳಿದೆ, ಅದೂ ತಪ್ಪು. ತುಟಿ ಮುಚ್ಚಿತ್ತು, ಕೆನ್ನೆ ಅಲ್ಲಾಡುತ್ತಿತ್ತು. “ಬಾಯಾಗ ಏನೈತಿ? ತೆಗಿ” ಎಂದು ಗದರಿದೆ. ತೆರೆದಳು. ಮುಂದಿನ ಹಲ್ಲೊಂದು ಇರಲಿಲ್ಲ, ಅಷ್ಟೇ.

“ನಿನ್ನೆ ಬಿತ್ರಿ ಅಕ್ಕೋರ. ನಾ ನಾಲಿಗಿಲೆ ಹಲ್ಲ ಮುಟ್ಟಿ ಎಣಸ್ತೇನ್ರಿ. ನಡುವ ಖಾಲಿ ಆಗೇತಿ, ಎಣಿಕಿ ತಪ್ಪಾಕತ್ತೈತಿ.”

“ಇದನ್ನ ಯಾರ ಹೇಳಿಕೊಟ್ರು?”

“ಯಾರೂ ಇಲ್ರಿ. ನೀವು ಕೈ ಕಟ್ಟಿಸಿದ್ರಲ್ರಿ.”

ಉಳಿದವರನ್ನು ಕೇಳಿದೆ. ಒಬ್ಬ ಕಾಲ್ಬೆರಳು ಒತ್ತುತ್ತಾನೆ. ಒಬ್ಬಳು ಕಿಟಕಿಯ ಸರಳು ನೋಡುತ್ತಾಳೆ. ಬರೀ ತಲೆಯಲ್ಲಿ ಮಾಡುವವರು ಒಬ್ಬರೂ ಇರಲಿಲ್ಲ.

ಬಾಗಲಕೋಟೆಯ ತರಬೇತಿಯಲ್ಲಿ ಒಬ್ಬ ಡಾಕ್ಟರಮ್ಮ ಇದನ್ನೇ ಹೇಳಿದ್ದರು. ಮಕ್ಕಳು ಲೆಕ್ಕ ಮಾಡುವಾಗ ಬೆರಳು ಅಲುಗದಿದ್ದರೂ ಮಿದುಳಿನಲ್ಲಿ ಬೆರಳನ್ನು ಅರಿಯುವ ಭಾಗ ಕೆಲಸ ಮಾಡುತ್ತದಂತೆ. ನಾನು ಒಳಗೊಳಗೇ ನಕ್ಕಿದ್ದೆ. ಅವರಿಗಿಂತ ನಿಮ್ಮನ್ನು ನಂಬಿದ್ದೆ. ನೀವಿದ್ದಿದ್ದರೆ ಏನನ್ನುತ್ತಿದ್ದಿರಿ? ನಿಮಗೂ ಯಾರೋ ಹೀಗೇ ಕೈ ಕಟ್ಟಿಸಿದ್ದರೇ?

ಮಂಗಳವಾರ ಮಕ್ಕಳಿಗೆ ಕೈ ಬಿಡಿರಿ ಅಂದೆ. ಅರ್ಧ ಜನ ಬಿಡಲಿಲ್ಲ, ಹೆದರಿದ್ದರು. ನಾನೇ ಒಬ್ಬೊಬ್ಬರ ಕೈ ಹಿಡಿದು ಮುಂದಕ್ಕೆ ತಂದೆ.

ಆಗ ಮಲ್ಲವ್ವ ನೆನಪಾದಳು, ನನ್ನ ಪಕ್ಕ ಕೂರುತ್ತಿದ್ದವಳು. ಬೆರಳು ಮಡಚಿದ್ದಕ್ಕೆ ನೀವು ಗೆಣ್ಣಿಗೆ ಹೊಡೆದಿರಿ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ನಿನ್ನೆ ಅವಳನ್ನು ಹುಡುಕಿಕೊಂಡು ತುಳಸಿಗೇರಿಗೆ ಹೋಗಿದ್ದೆ. ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಎಷ್ಟು ಜನ ಆಗುತ್ತಾರೆ ಎಂದು ಮಗಳು ಕೇಳಿದಳು. ಮಲ್ಲವ್ವ ಹಿಟ್ಟಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಅಲ್ಲೇ ಬೆರಳು ಮಡಚತೊಡಗಿದಳು.

“ಯಾಕ ಮುಚ್ಚತಿ? ಅಕ್ಕೋರು ತೀರಿಕೊಂಡು ಆರು ವರ್ಷಾತು” ಅಂದೆ.

“ಗೊತ್ತೈತಿ” ಅಂದಳು. “ಆದ್ರೂ ಕೈ ಹೊರಗ ಬರೂದಿಲ್ಲ.”